ಕ್ಲೋರಿಗೆ ನಾನಿಟ್ಟ ಹೆಸರು

ಬೇಡ, ಬೇಡ, ಏಳಬೇಡ. ಮಲಗೇ ಇರು. ಮಾತಂತೂ ಆಡಲೇಬೇಡ. ಬಾಗಿಲ ಹತ್ತಿರ ನರ್ಸು ನನ್ನನ್ನ ತಡೆದು ನಿಲ್ಲಿಸಿ ಹೇಳಿದ್ಲು, ಈ ವಾರವಿಡೀ ಇವಳ ಗಂಟಲಿಂದ ಒಂದಕ್ಷರ ಹೊರಡಬಾರದು ಅಂತ. ಪಿಸುಮಾತೂ ಕೂಡದಂತೆ. ನಾನು ಮಾತಾಡ್ತೀನಿ, ನೀನು ಕೇಳಿಸ್ಕೋ. ಅದೇನು ಹೊಸದಲ್ಲ ಬಿಡು, ನೀನು ಸೊಸೆಯಾಗಿ ಬಂದಾಗಿಂದ ನಮ್ಮ ಮನೇಲಿ ನಡೀತಿರೋದೇ ಹಾಗಲ್ವಾ... ನಗಬೇಡ ಯೊಲಾಂಟಾ, ಕೆಮ್ಮು ಬರುತ್ತೆ.

ಸ್ಕೀರ್ ತಂದಿದೀನಿ. ಕ್ಲೈನುರ್ ಕರಿದಿದ್ದೆ, ಡಬ್ಬಿ ತುಂಬಾ. ಸುರಂಗ ದಾಟಿ ಈಚೆ ಬಂದ ಮೇಲೆ ಹೊಳೀತು, ನೀರು ನುಂಗೋಕೇ ಒದ್ದಾಡ್ತಿರೋಳಿಗೆ ಎಣ್ಣೇಲಿ ಕರಿದದ್ದು ಹೊತ್ಕೊಂಡು ಹೋಗ್ತಿದೀನಲ್ಲ ಅಂತ. ಅದನ್ನ ನರ್ಸುಗಳಿಗೆ ಕೊಟ್ಟೆ. ಸ್ಕೀರ್ ಮೊಸರಿನ ಹಾಗೆ ತಣ್ಣಗಿದೆ, ಜಾರಿ ಹೋಗುತ್ತೆ. ಒಂದು ಚಮಚ... ಸರಿ, ಆಮೇಲೆ.

ಏನು, ಹಲಗೆ ಬೇಕಾ? ತಗೋ. ಒಳ್ಳೇದೇ ಕೊಟ್ಟಿದಾರೆ, ಮಕ್ಕಳು ಗೀಚಿ ಒರೆಸೋದು. ನಿಧಾನ ಬರಿ... ‘ಬೇರಾ’. ಚೆನ್ನಾಗಿದಾಳೆ ನಿನ್ನ ಮಗಳು. ನನ್ನ ಮಂಚದಲ್ಲೇ ಮಲಗ್ತಾಳೆ, ನಿದ್ದೇಲಿ ಒದೀತಾಳೆ, ಅಪ್ಪನ ಹಾಗೇ. ಅಮ್ಮನ ಗಂಟಲು ಯಾವಾಗ ವಾಪಸ್ ಬರುತ್ತೆ ಅಂತ ಕೇಳ್ತಾಳೆ. ಗಂಟಲಲ್ಲ, ದನಿ ಅನ್ನಬೇಕು ಅಂತ ತಿದ್ದಿದೆ. ಅಭ್ಯಾಸ ನೋಡು, ಅಂಥ ಹೊತ್ತಲ್ಲೂ.

ಥೋರಾರಿನ್‌ನ ಹಡಗು ನಾಳೆ ಬಂದರು ಸೇರುತ್ತೆ. ಫೋನಲ್ಲಿ ಸಿಕ್ಕಿದ್ದ. ನೀನು ಹೇಗಿದೀಯ ಅಂತ ಕೇಳಿದ, ಹೇಳಿದೆ. ಆಮೇಲೆ, ಇದೆಲ್ಲ ಹೇಗಾಯ್ತಮ್ಮಾ ಅಂದ. ಆಗ ಗಾಳಿಯ ಸದ್ದು ಜಾಸ್ತಿಯಾಯ್ತು, ಸರಿಯಾಗಿ ಕೇಳಿಸ್ಲಿಲ್ಲ... ನನಗೆ. ಇಟ್ಟುಬಿಟ್ಟೆ.

ಕಾಲ್ದೇರಿ ಊರಲ್ಲೆಲ್ಲ ನಿನ್ನದೇ ಮಾತು, ಗೊತ್ತಾ? ಈಜಿನ ಪಾಠಕ್ಕೆ ಬಂದಿದ್ದ ಅಷ್ಟೂ ಮಕ್ಕಳನ್ನ ಸೀಟಿ ಊದಿ, ಒದ್ದೆ ಮೈಯಲ್ಲೇ ಹಿಮಕ್ಕೆ ಅಟ್ಟಿದೆಯಲ್ಲ, ಒಂದು ಮಗುವಿಗೂ ಏನೂ ಆಗಿಲ್ಲ. ನೆಗಡಿ, ಅಷ್ಟೇ. ಮುದುಕ ಗುನ್‌ಬ್ಯೋರ್ನ್ ಬಿಸಿನೀರಿನ ತೊಟ್ಟಿಯಿಂದ ಎದ್ದವನು ಚಡ್ಡೀಲೇ ಓಡಿ ಸಹಕಾರಿ ಅಂಗಡಿಗೆ ನುಗ್ಗಿ ಆಲೂಗಡ್ಡೆ ಚೀಲಗಳ ಮಧ್ಯೆ ನಿಂತಿದ್ದನಂತೆ. ಆಯಸ್ಸೆಲ್ಲ ಸಮುದ್ರದಲ್ಲಿ ಬದುಕಿ ಬಂದೆ, ಸ್ನಾನದಲ್ಲಿ ಸಾಯ್ತಿದ್ನಲ್ಲ ಅಂತ ಹೇಳ್ಕೊಂಡು ತಿರುಗ್ತಿದಾನೆ. ನಿನ್ನ ಬಗ್ಗೆ ಮಾತ್ರ ಒಂದು ಅಡ್ಡ ಮಾತು ಆಡಲ್ಲ. ಎಲ್ಲರೂ ಆಚೆ ಓಡಿ ಬರ್ತಿದ್ರೆ ಇವಳು ನೀರಿನ ಔಷಧಿ ಇಡೋ ಕೋಣೆ ಬಾಗಿಲು ಮುಚ್ಚೋಕೆ ಒಳಗೆ ಹೋದ್ಲು ಅಂತಾನೆ. ಮುಚ್ಚದೇ ಇದ್ದಿದ್ರೆ ಆ ವಿಷದ ಗಾಳಿ ಮಕ್ಕಳಿದ್ದ ಕಡೆಗೇ ಬರ್ತಿತ್ತಂತೆ.

ಯಾಕೆ ಮುಖ ತಿರುಗಿಸ್ದೆ? ಹೊಗಳಿದ್ದು ಇಷ್ಟವಾಗ್ಲಿಲ್ವಾ?

ಇನ್ನೊಂದು ವಿಷಯ. ಸ್ವೇರಿರ್ ಬರ್ತಾನೆ ಇವತ್ತು. ಆರೋಗ್ಯ ಇಲಾಖೆಯವನು, ಉದ್ದನೆಯವನು, ನನ್ನ ಹತ್ತಿರ ರಸಾಯನಶಾಸ್ತ್ರ ಕಲಿತವನು. ಕೆಳಗೆ ಕಾಫಿ ಕುಡೀತಿದ್ದ, ನೀನು ಹೋಗಿ ಮಾತಾಡಿಸ್ತಿರು ಸ್ಟೈನ್‌ವೋರ್, ನಾನು ಹಿಂದೇನೇ ಬರ್ತೀನಿ ಅಂದ. ನಿನ್ನನ್ನ ಒಂದೆರಡು ಪ್ರಶ್ನೆ ಕೇಳ್ತಾನೆ. ತಲೆ ಆಡಿಸಿದ್ರೆ ಸಾಕು, ಬರೆಯೋ ಶ್ರಮವೂ ಬೇಡ. ನಿನ್ನೆ ನಮ್ಮ ಮನೆಗೂ ಬಂದಿದ್ದ. ಅಡುಗೆಮನೇಲೇ ಕೂತು ಕೇಳಿದ. ಈಜುಕೊಳದ ನೀರಿಗೆ ಹಾಕೋ ಕ್ಲೋರ್ ಇರೋ ಹೈಪೋಕ್ಲೋರೈಟ್ ತೊಟ್ಟಿಗೆ ಆಮ್ಲ ಸುರಿದಿದಾಳೆ, ಅದಕ್ಕೇ ವಿಷದ ಗಾಳಿ ಎದ್ದಿದೆ, ಅದು ಗೊತ್ತಾಯ್ತು, ಆದ್ರೆ ಇಷ್ಟು ವರ್ಷ ತಪ್ಪದೇ ಮಾಡಿದವಳು ಅವತ್ತು ಯಾಕೆ ತಪ್ಪಿದ್ಲು ಅಂದ. ನಾನು... ಬೆಳೆದ ಮೇಲೆ ಬಂದು ಕಲಿತವಳು, ನಮ್ಮ ಭಾಷೆ ಕಷ್ಟ ಅಂದೆ.

ಅಷ್ಟೇ ಅಂದಿದ್ದು. ಅದು ಸುಳ್ಳಾ? ನಮ್ಮ ಭಾಷೆ ಕಷ್ಟ ಅಲ್ವಾ? ಇಲ್ಲೇ ಹುಟ್ಟಿದವರು ಪರೀಕ್ಷೇಲಿ ಮಣ್ಣು ಮುಕ್ತಾರೆ.

ಹಾಗೆ ನೋಡಬೇಡ. ನಿನ್ನ ಒಳ್ಳೇದಕ್ಕೇ ಹೇಳಿದ್ದು. ಅಜಾಗರೂಕತೆ ಅಂತ ಬರೆದ್ರೆ ಅದು ಬೇರೆ ಥರ ಹೋಗುತ್ತೆ, ಕೋರ್ಟು ಕಚೇರಿ ಅಂತ. ಪದ ಅರ್ಥ ಆಗ್ಲಿಲ್ಲ ಅಂದ್ರೆ ಯಾರೂ ಬೈಯಲ್ಲ, ಅಯ್ಯೋ ಪಾಪ ಅಂತಾರೆ. ಅಂಗಡೀಲಿ ಆಗಲೇ ಅಂತಿದಾರೆ, ಪೋಲೆಂಡಿನ ಹುಡುಗಿ, ಪಾಪ, ಓದೋಕೆ ಗೊತ್ತಾಗಿಲ್ಲ ಅಂತ. ಕಕ್ಕುಲಾತಿಯಿಂದಲೇ ಅಂತಾರೆ.

ಶುಕ್ರವಾರ ಪಂಚಾಯ್ತಿ ಸೇರುತ್ತೆ. ಹೆಚ್ಚೆಂದ್ರೆ ಕೊಳದ ಕೆಲಸ ಸ್ವಲ್ಪ ದಿನ ಬೇರೆಯವರಿಗೆ ಕೊಡಬಹುದು. ಭಾಷೆ ಬರೋರಿಗೆ. ಮೀನು ಕಾರ್ಖಾನೇಲಿ ಪ್ಯಾಕಿಂಗ್‌ಗೆ ಜನ ಸಾಲದು ಅಂತಿದ್ರು, ನಾನು ಒಂದು ಮಾತು ಹೇಳಿದ್ರೆ...

ಕೈ ಯಾಕೆ ಎಳ್ಕೊಂಡೆ?

ಗೊತ್ತು. ಗೊತ್ತು ನನಗೆ. ಆ ಕಾರ್ಖಾನೆಯಿಂದ ನೀನು ಹೇಗೆ ಆಚೆ ಬಂದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಳಿ ಮುಗಿಸಿ ಬಂದು, ಎಷ್ಟು ತೊಳೆದ್ರೂ ಹೋಗದ ಮೀನಿನ ವಾಸನೆಯ ಕೈಯಲ್ಲೇ ನನ್ನ ಅಡುಗೆಮನೆ ಮೇಜಿಗೆ ಕೂತು ಪಾಠ ಕಲಿತೋಳು ನೀನು. ಮೊದಮೊದಲು ನನ್ನನ್ನ ‘ಪಾನಿ’ ಅಂತ ಕರೀತಿದ್ದೆ, ನಿಮ್ಮ ಕಡೆ ಹಿರಿಯರಿಗೆ ಕೊಡೋ ಮರ್ಯಾದೆ. ನಾನೇ ಬಿಡಿಸಿದೆ, ನಾನೇನು ರಾಣಿಯಲ್ಲ, ಎಲ್ಲರ ಹಾಗೆ ಹೆಸರು ಹಿಡಿದು ಕರಿ ಅಂತ. ನಿನಗೆ ಎಷ್ಟು ದಿನ ಬಾಯೇ ಬರ್ತಿರ್ಲಿಲ್ಲ. ‘ಸ್ಟೈನ್‌ವೋರ್’ ಅನ್ನೋಕೆ ಮುಂಚೆ ಒಂದು ಸಲ ಉಗುಳು ನುಂಗ್ತಿದ್ದೆ. ಕೊಳದ ಮೇಲ್ವಿಚಾರಕಿ ಬೇಕು, ಭಾಷೆ ಅತ್ಯುತ್ತಮವಾಗಿ ಬರಬೇಕು ಅಂತ ಹಾಕಿದ್ದ ಕೆಲಸ ಅದು. ನಿನಗೆ ಸಿಕ್ಕಿದ ದಿನ ಊರಿಗೆಲ್ಲ ಹೇಳಿದ್ದು ನಾನು. ನೀನಲ್ಲ, ನಾನು. ನೋಡಿ, ನನ್ನ ಸೊಸೆ. ನನ್ನ ಶಿಷ್ಯೆ.

ನೀರು ಬೇಕಾ? ಇಲ್ಲ? ಸರಿ.

ಕ್ಲೋರಿಗೆ ನಾನಿಟ್ಟ ಈ ಹಾಳು ಹೆಸರಿಂದಲೇ ಎಲ್ಲ. ಇಲ್ಲ, ಹೆಸರಿಂದಲ್ಲ. ಹೆಸರು ಚೆನ್ನಾಗಿದೆ. ನಮ್ಮ ಹಳಬರು ಎಂಥ ಕೆಲಸ ಮಾಡಿದ್ರು ಹೇಳು. ನೀರು ಹುಟ್ಟಿಸೋ ಜಲಜನಕಕ್ಕೆ ನೀರಿಂದಲೇ ‘ವೆತ್ನಿ’ ಅಂತ ಹೆಸರು ತೆಗೆದ್ರು. ಹುಳಿ ಹುಟ್ಟಿಸೋ ಆಮ್ಲಜನಕಕ್ಕೆ ಹುಳಿಯಿಂದಲೇ ‘ಸೂರೆಪ್ನಿ’. ಹೈಸ್ಕೂಲು ಮಗು ಕೂಡ ಕೇಳಿದ ತಕ್ಷಣ ಹಿಡೀತಿತ್ತು. ಸಾರಜನಕಕ್ಕೆ ‘ಉಸಿರು ಕಟ್ಟಿಸೋ ವಸ್ತು’ ಅಂತಿಟ್ರು, ಅದಕ್ಕೆ ಗುನ್‌ಬ್ಯೋರ್ನ್ ತೊಟ್ಟೀಲಿ ಕೂತು ನನ್ನ ಕಾಲೆಳೀತಿದ್ದ, ಉಸಿರು ಕಟ್ಟಿಸೋದು ಅಂತ ಹೆಸರಿಟ್ಟು ದಿನವಿಡೀ ಅದನ್ನೇ ಉಸಿರಾಡಿಸ್ತೀರಲ್ಲಮ್ಮ ವಿದ್ವಾಂಸರು ಅಂತ. ಅಷ್ಟೆಲ್ಲ ಮಾಡಿದವರು ಕ್ಲೋರ್ ಹತ್ತಿರ ಬಂದು ಕೈಚೆಲ್ಲಿಬಿಟ್ರು. ಕ್ಲೋರ್. ಡ್ಯಾನಿಶ್ ಅಂಗಡಿಯಿಂದ ಕಾಗದ ಸುತ್ತಿ ಕೊಟ್ಟ ಹಾಗೆ. ಅದಕ್ಕೆ ನಾನು ‘ಫೋಲ್ವಿ’ ಅಂದೆ. ಕಾಯಿಲೆ ಬಿದ್ದವರ ಮುಖ ಬಿಳಿಚಿಕೊಳ್ಳುತ್ತಲ್ಲ, ಆ ಬಣ್ಣ. ಆ ಗಾಳೀದೂ ಅದೇ ಬಣ್ಣ, ಹಸಿರು ಅಂತ ಹೇಳೋಕೂ ಆಗದಷ್ಟು ಮಾಸಲು. ರಾಜಧಾನೀಲಿ ಪದಸಮಿತಿ ಮುಂದೆ ಇಟ್ಟೆ. ಚೆಂದ ಇದೆ ಸ್ಟೈನ್‌ವೋರ್, ಅಂದ್ರು. ಚೆಂದ ಇದೆ ಅಂತ ಬದಿಗಿಟ್ರು.

ಬಳಸೋರೇ ಇಲ್ಲದ ಪದ ಪದವೇ ಅಲ್ಲ ಅಂದ್ರು. ಅದಕ್ಕೇ ಬಳಸಿ ತೋರಿಸ್ತೀನಿ ಅಂತ ಹೊರಟೆ. ಊರಲ್ಲಿ ಯಾರು ಬಳಸಿದ್ರು? ನನ್ನ ಮಗ ಬಳಸಿದ್ನಾ? ಅಮ್ಮಾ, ಮೀನಿಗೆ ಹೆಸರಿಡು, ಅದಾದ್ರೂ ಮಾರಾಟವಾಗುತ್ತೆ ಅಂದ. ಬಳಸಿದವಳು ನೀನೊಬ್ಬಳು. ಒಂದು ಸಲ ಬಿಸಿನೀರಿನ ತೊಟ್ಟೀಲಿ ಗುನ್‌ಬ್ಯೋರ್ನ್ ಕೇಳಿದ್ನಲ್ಲ ನಿನ್ನನ್ನ, ಏನಮ್ಮ, ಇವತ್ತು ನೀರಿಗೆ ನಿಮ್ಮತ್ತೆಯ ಫೋಲ್ವಿ ಜಾಸ್ತಿ ಬಿತ್ತಾ, ಕಣ್ಣುರೀತಿದೆ ಅಂತ. ನೀನು ಒಂದು ಚೂರೂ ನಗದೆ ಹೇಳ್ದೆ, ‘ಫೋಲ್ವಿ ಸರಿಯಾಗೇ ಇದೆ ಗುನ್‌ಬ್ಯೋರ್ನ್, ನೀನು ಸೋಪು ಹಚ್ಚಿಕೊಳ್ಳದೆ ಇಳಿದಿದೀಯ.’ ತೊಟ್ಟೀಲಿದ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು. ನಾನು ನಗಲಿಲ್ಲ. ಅಷ್ಟು ಸಲೀಸಾಗಿ ಬಂತಲ್ಲ ನಿನ್ನ ಬಾಯಲ್ಲಿ, ಅದು ಹುಟ್ಟಿದಾಗಿಂದ ಇದ್ದ ಮಾತು ಅನ್ನೋ ಹಾಗೆ.

ನೀನು ನೋಡಿದೆ ಅಲ್ವಾ ಅದನ್ನ? ಆ ಗಾಳಿ ಔಷಧಿ ತೊಟ್ಟಿಯಿಂದ ಎದ್ದಾಗ. ನೆಲದ ಮೇಲೆ ಹರಿದುಕೊಂಡು ಬರುತ್ತೆ, ಗಾಳಿಗಿಂತ ಭಾರ ಅದು. ನಾನು ಜನ್ಮದಲ್ಲಿ ನೋಡಿದ್ದು ಬರೀ ಗಾಜಿನ ಕುಪ್ಪಿಯಲ್ಲಿ, ಇಷ್ಟೇ ಇಷ್ಟು. ಅಷ್ಟೊಂದು ಒಟ್ಟಿಗೆ ಇದ್ದಾಗ ಹೇಗಿತ್ತು? ಬಣ್ಣ... ಬಿಳಿಚಿದ ಹಾಗೇ ಇತ್ತಾ, ಇಲ್ಲ ಹಸಿರು...

ಏನು ಕೇಳ್ತಿದೀನಿ ನಾನು. ಎಂಥವಳು ನಾನು. ಗಂಟಲು ಸುಟ್ಟುಕೊಂಡು ಮಲಗಿರೋಳ ಹತ್ತಿರ ಬಂದು... ಮರೆತುಬಿಡು. ಕೇಳ್ಲೇ ಇಲ್ಲ ಅಂದ್ಕೋ. ಥೋರಾರಿನ್‌ಗೆ ಹೇಳಬೇಡ, ನಾನು ಹೀಗೆ ಕೇಳಿದೆ ಅಂತ.

ಎಲ್ಲಿದ್ದೆ. ಹಾಂ, ಸ್ವೇರಿರ್. ಅವನು ಕೇಳೋದು ಇಷ್ಟೇ. ಔಷಧಿ ಕ್ಯಾನಿನ ಮೇಲೆ ನಾನು ಅಂಟಿಸಿದ ಹೊಸ ಪದದ ಚೀಟಿ ಇತ್ತಾ, ಅದು ಅರ್ಥವಾಗೋಕೆ ತೊಡಕಾಯ್ತಾ. ಹೂಂ ಅಂತ ಒಂದು ಸಲ ತಲೆ ಆಡಿಸಿಬಿಡು. ಅಲ್ಲಿಗೆ ಮುಗೀತು. ನಾನೂ ಒಂದು ಪಾಲು ಹೊತ್ಕೊಂಡ ಹಾಗಾಯ್ತಲ್ಲ, ಭಾಷಾ ವಾರ ಅಂತ ಹೊಸ ಪದ ಅಂಟಿಸಬಾರದಿತ್ತು ಅಂತ ಊರೆದುರಿಗೆ ಹೇಳ್ತೀನಿ. ಬೇಕಿದ್ರೆ ಫೋಲ್ವಿಯನ್ನೇ ಬಿಟ್ಟುಬಿಡ್ತೀನಿ, ನನ್ನ ಪದಗಳ ಪೆಟ್ಟಿಗೆಯಿಂದ ಆ ಚೀಟಿ ತೆಗೆದು ಒಲೆಗೆ ಹಾಕ್ತೀನಿ. ಅದಕ್ಕಿಂತ ಹೆಚ್ಚು ಏನು ಮಾಡಲಿ?

ಎಲ್ಲಿ, ತಲೆ ಆಡಿಸು ನೋಡೋಣ.

ಆಯಾಸವಾ? ಕಣ್ಣು ಮುಚ್ಚಿದ್ರೂ ಆಗುತ್ತೆ. ಹೂಂ ಅಂದ್ರೆ ಕಣ್ಣು ಮುಚ್ಚು.

ಅಂಟಿಸಿದ್ದ ಚೀಟಿ ಎಲ್ಲಿ ಅಂತಾನೂ ಕೇಳಿದ, ಕ್ಯಾನಿನ ಮೇಲೆ ಇಲ್ಲವಂತೆ. ಹಬೆಗೆ ಬಿದ್ದು ಹೋಗಿರಬೇಕು ಅಂದೆ. ಕಾಗದ ತಾನೇ, ಅಂಥ ಹಬೇಲಿ ಎಷ್ಟು ದಿನ ಅಂಟ್ಕೊಂಡಿರುತ್ತೆ? ಅವನು ಬರ್ಕೊಂಡ. ಸ್ಟೈನ್‌ವೋರ್ ಹೇಳಿದ ಮೇಲೆ ಮುಗೀತು ಅಂದ. ಒಳ್ಳೇ ಹುಡುಗ, ಶಾಲೇಲೂ ಹಾಗೇ ಇದ್ದ. ನಾನು ಹೇಳಿದ್ದನ್ನ ಪರೀಕ್ಷೆ ಮಾಡದೇ ನಂಬ್ತಿದ್ದ.

ಹಲಗೆ ಬೇಕಾ? ಇಲ್ಲೇ ಇದೆಯಲ್ಲ ಕೈಗೆ ಸಿಗೋ ಹಾಗೆ. ಪೆನ್ನೂ ಇದೆ. ಏನಾದ್ರೂ ಬರಿ. ಬೈಯೋದಿದ್ರೆ ಬೈದು ಬರಿ.

ಬರೆಯಲ್ವಾ?

ಯೊಲಾಂಟಾ. ಇಲ್ಲ ಅಂತಾದ್ರೂ ತಲೆ ಆಡಿಸು. ಸುಳ್ಳಿ ಅನ್ನು. ಅದನ್ನ ತಡ್ಕೋತೀನಿ. ಹೀಗೆ ಸುಮ್ಮನೆ ನೋಡಬೇಡ. ಅವತ್ತೂ ಹೀಗೇ...

ಅವತ್ತೂ ಹೀಗೇ ನೋಡ್ತಿದ್ದೆ. ಅಂಗಳದಲ್ಲಿ. ಆಂಬುಲೆನ್ಸಿನ ಹಿಂದಿನ ಬಾಗಿಲು ತೆಗೆದಿತ್ತು, ನಿನ್ನನ್ನ ಸ್ಟ್ರೆಚರ್ ಮೇಲೆ ಮಲಗಿಸಿದ್ರು, ಮೂಗಿಗೆ ಆಕ್ಸಿಜನ್ ಮಾಸ್ಕು. ನಿನಗೆ ಪ್ರಜ್ಞೆ ಇಲ್ಲ ಅಂದುಕೊಂಡಿದ್ದೆ. ಅಗ್ನಿಶಾಮಕದವರು ಆಮ್ಲದ್ದು, ಫೋಲ್ವಿದು ಎರಡೂ ಕ್ಯಾನು ತಂದು ಗೋಡೆ ಹತ್ತಿರ ಹಿಮದಲ್ಲಿಟ್ಟು ಮತ್ತೆ ಒಳಗೆ ಹೋದ್ರು. ನಾನೂ ಸ್ನಾನದಿಂದ ಎದ್ದು ಓಡಿಬಂದಿದ್ದೆ, ಒಂದು ಟವೆಲ್ ಸುತ್ತಿಕೊಂಡು, ಬರಿಗಾಲಲ್ಲಿ... ಚೀಟಿ ಒದ್ದೆಯಾಗಿತ್ತು, ಕೈ ಇಟ್ಟ ತಕ್ಷಣ ಬಂತು. ಎರಡೂ ಬಂತು. ಮುದ್ದೆ ಮಾಡಿ ಟವೆಲ್ಲೊಳಗೆ ಇಟ್ಕೊಂಡೆ. ತಿರುಗಿ ನೋಡ್ದೆ. ನಿನ್ನ ಕಣ್ಣು ತೆರೆದಿತ್ತು.

ನೀನು ಮಂಪರಲ್ಲಿದ್ದೆ ಅಂತ ನನಗೆ ನಾನೇ ಹೇಳ್ಕೊಂಡೆ. ದಾರೀಲೆಲ್ಲ ಹೇಳ್ಕೊಂಡು ಬಂದೆ ಇವತ್ತೂ.

ನೀನು ನೋಡಿದ್ದೆ. ಅಲ್ವಾ.

ಹಾಗಾದ್ರೆ ಈ ಹಲಗೆ ಇಷ್ಟು ದಿನದಿಂದ ನಿನ್ನ ಪಕ್ಕದಲ್ಲೇ ಇದೆ. ಡಾಕ್ಟರು ಬಂದ್ರು, ಪೊಲೀಸಿನವಳು ಬಂದು ಹೋದ್ಲು ಅಂದ್ರು. ಒಂದು ಸಾಲು ಬರೆದಿದ್ರೆ ಸಾಕಿತ್ತು. ತಪ್ಪಿಲ್ಲದೆ ಬರೆಯೋಕೆ ಬರುತ್ತೆ ನಿನಗೆ, ನಾನೇ ಕಲಿಸಿದೀನಿ. ನೀನು ಮಗಳ ಹೆಸರು ಬರೆದು ಇಟ್ಟೆ.

ಕೆಂಪು ಮುಚ್ಚಳ, ಯೊಲಾಂಟಾ. ನನ್ನ ಶಾಲೆ ಕಪಾಟಲ್ಲಿ ಆಮ್ಲಕ್ಕೆ ಕೆಂಪು ಮುಚ್ಚಳ ಇರ್ತಿತ್ತು, ಯಾವಾಗಲೂ. ಈ ಹೊಸ ಕ್ಯಾನುಗಳಲ್ಲಿ ಅದು ತಿರುಗಾಮುರುಗ, ಕೆಂಪು ಮುಚ್ಚಳ ಇದ್ದದ್ದು ಫೋಲ್ವಿಗೆ. ಕ್ಯಾನಿನ ಮೈ ತುಂಬಾ ಡ್ಯಾನಿಶಲ್ಲಿ ಬರೆದಿತ್ತು, ಇಷ್ಟು ದಪ್ಪ ಅಕ್ಷರದಲ್ಲಿ. ನನಗೆ ಓದೋಕೆ ಬರುತ್ತೆ. ಚೆನ್ನಾಗಿ ಬರುತ್ತೆ. ಓದ್ಲಿಲ್ಲ. ಓದಬಾರದು ಅಂತಲೇ ಓದ್ಲಿಲ್ಲ. ಅದರ ಮೇಲೇ ನನ್ನ ಚೀಟಿ ಒತ್ತಿ ಅಂಟಿಸಿದೆ, ಮುಚ್ಚಿಹೋಗಲಿ ಅಂತ. ಖುಷಿಯಾಗಿತ್ತು ಅಂಟಿಸುವಾಗ. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೀನಿ, ಸೀಸೆಯ ಬಣ್ಣ ನಂಬಬೇಡಿ, ಏನು ಬರೆದಿದೆ ಓದಿ ಅಂತ.

ನೀನು ಕೇಳಿದ್ದೆ. ಸರಿಯಾಗಿ ನೋಡಿ ಅಂಟಿಸಿದೆಯಾ ಅಂತ ಒಂದು ಸಲ, ಮೆಲ್ಲಗೆ. ನಾನೇನಂದೆ? ರಸಾಯನಶಾಸ್ತ್ರ ನನಗೇ ಹೇಳಿಕೊಡ್ತೀಯಾ ಅಂದೆ. ಮಕ್ಕಳ ಮುಂದೇನೇ ಅಂದೆ. ನೀನು ಆಮೇಲೆ ಆ ಮಾತೇ ಎತ್ತಲಿಲ್ಲ. ಚೀಟಿ ಮೇಲೆ ಫೋಲ್ವಿ ಅಂತಿದ್ದ ಕ್ಯಾನು ಎತ್ತಿ ಫೋಲ್ವಿ ತೊಟ್ಟಿಗೇ ಸುರಿದೆ. ನಾನು ಬರೆದಿದ್ದೀನಿ ಅಂತ.

ಅಳ್ತಿಲ್ಲ. ಅಳೋ ಹಕ್ಕು ನನಗಿಲ್ಲ. ಕೈ ಕೊಡಬೇಡ, ಈಗ ಬೇಡ, ಆಮೇಲೆ ಮನಸ್ಸಿದ್ರೆ ಕೊಡು.

ಬಾಗಿಲು ತಟ್ತಿದಾರೆ.

ಹಲಗೆ ಯಾಕೆ ಬೋರಲು ಹಾಕ್ದೆ? ನೀನೇ ಬರೆದು ತೋರಿಸಬಹುದಿತ್ತು ಅವನಿಗೆ... ಇಲ್ಲ. ಸರಿ. ಗೊತ್ತಾಯ್ತು.

ಬಾ ಸ್ವೇರಿರ್. ಆ ಕುರ್ಚಿ ಎಳ್ಕೋ. ಇಲ್ಲ, ಅವಳನ್ನ ಕೇಳಬೇಡ, ನನ್ನನ್ನ ಕೇಳು. ನಿನ್ನೆ ಬರ್ಕೊಂಡೆಯಲ್ಲ ನಮ್ಮ ಅಡುಗೆಮನೇಲಿ, ಭಾಷೆ ಕಷ್ಟ ಅಂತ, ಅದನ್ನ ಮೊದಲು ಹೊಡೆದುಹಾಕು. ನಾನು ಕಾಯ್ತೀನಿ. ಹೊಡೆದೆಯಾ? ಈಗ ಬರ್ಕೋ. ಚೀಟಿಯಲ್ಲಿ ಏನಿತ್ತೋ ಅದನ್ನ ಅವಳು ಸರಿಯಾಗೇ ಓದಿದ್ಲು.